ವಿಲ್‌ನಲ್ಲಿ ಎಕ್ಸಿಕ್ಯೂಟರ್ ಅಂತ ನನ್ನ ಹೆಸರಿದೆ, ಕೋರ್ಟಲ್ಲಿ ನಾನು ಏನು ಸಾಬೀತು ಮಾಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಸೋದರಮಾವ ಹೋದ ವರ್ಷ ತೀರಿಕೊಂಡರು. ನಮ್ಮದು ಹಿಂದೂ ಕುಟುಂಬ, ಆಸ್ತಿ ಎಲ್ಲ ಕರ್ನಾಟಕದಲ್ಲೇ ಇದೆ. ರಿಜಿಸ್ಟರ್ ಆದ ವಿಲ್ ಇದೆ. ಮನೆ ಅತ್ತೆಗೆ, ಬ್ಯಾಂಕಿನ ದುಡ್ಡು ಇಬ್ಬರು ಮಕ್ಕಳಿಗೆ. ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡಬೇಕಾದವನು, ನಾನು, ನನಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಈಗ ದೊಡ್ಡ ಮಗ ಇದು ಅಪ್ಪನ ವಿಲ್ಲೇ ಅಲ್ಲ ಅನ್ನುತ್ತಿದ್ದಾನೆ. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರು ತೀರಿಹೋಗಿದ್ದಾರೆ. ರಿಜಿಸ್ಟರ್ ಆಗಿದ್ದ ಮೇಲೂ ಪ್ರೊಬೇಟ್ ಬೇಕಾ?

ವಕೀಲರ ಉತ್ತರ: ಪ್ರೊಬೇಟ್ ಅಂದರೆ ವಿಲ್ ಅಸಲಿ ಅಂತ ಕೋರ್ಟ್ ಕೊಡುವ ಪ್ರಮಾಣಪತ್ರ. ಅದು ಕಡ್ಡಾಯ ಇಲ್ಲ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಅರ್ಜಿ ಹಾಕುತ್ತಿದ್ದೆ. ಮಗ ಈಗಾಗಲೇ ತಕರಾರು ತೆಗೆದಿದ್ದಾನೆ. ನಾಳೆ ಖಾತೆ ಬದಲಾವಣೆಗೂ ಅಡ್ಡ ಬರುತ್ತಾನೆ, ಬ್ಯಾಂಕಿಗೂ ಪತ್ರ ಬರೆಯುತ್ತಾನೆ. ಪ್ರೊಬೇಟ್ ಸಿಕ್ಕರೆ ವಿಲ್ ಅಸಲಿ ಹೌದೋ ಅಲ್ಲವೋ ಅನ್ನುವ ಜಗಳ ಒಂದೇ ಕಡೆ ಮುಗಿಯುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 222ನೇ ಕಲಂ ಪ್ರಕಾರ ಪ್ರೊಬೇಟ್ ಕೊಡುವುದು ವಿಲ್‌ನಲ್ಲಿ ನೇಮಿಸಿದ ಎಕ್ಸಿಕ್ಯೂಟರ್‌ಗೆ ಮಾತ್ರ. ಹಾಗಾಗಿ ಅರ್ಜಿ ಹಾಕಬೇಕಾದವರು ನೀವೇ, ಅತ್ತೆ ಅಲ್ಲ.

ರಿಜಿಸ್ಟರ್ ಆಗಿರುವುದು ಒಳ್ಳೆಯದೇ, ಆದರೆ ಅದೊಂದೇ ಸಾಕಾಗುವುದಿಲ್ಲ. ವಿಲ್ ಸಾಬೀತಾಗಲು ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಬದುಕಿರುವವರು ಒಬ್ಬರಿದ್ದಾರಲ್ಲ, ಅಷ್ಟು ಸಾಕು. ಕಷ್ಟ ಇರುವುದು ಅವರು ಏನು ಹೇಳುತ್ತಾರೆ ಅನ್ನುವುದರಲ್ಲಿ. "ಅವರು ಸಹಿ ಹಾಕಿದ್ದು ನೋಡಿದೆ, ನಾನೂ ಹಾಕಿದೆ" ಅಂದು ಇಳಿದುಬಿಟ್ಟರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಅದೇ ಕಾಯ್ದೆಯ 63ನೇ ಕಲಂ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ಇಬ್ಬರೂ ನಿಮ್ಮ ಮಾವನ ಎದುರಿಗೇ ಸಹಿ ಹಾಕಿರಬೇಕು. ತೀರಿಹೋದ ಸಾಕ್ಷಿಯೂ ಹಾಗೇ ಹಾಕಿದರು ಅನ್ನುವುದನ್ನು ಈಗ ಇವರ ಬಾಯಿಂದಲೇ ಹೇಳಿಸಬೇಕು. ಇದೊಂದು ಮಾತು ಬಿಟ್ಟುಹೋಗಿ ಬಿದ್ದುಹೋದ ಕೇಸುಗಳಿವೆ. ಇಬ್ಬರೂ ಒಂದೇ ಹೊತ್ತಿಗೆ ಅಲ್ಲಿರಬೇಕು ಅಂತೇನೂ ಇಲ್ಲ.

ಹೇಳಿಕೊಟ್ಟು ಹೇಳಿಸಿ ಅಂತ ಅಲ್ಲ. ಅವರಿಗೆ ನೆನಪಿರುವುದನ್ನು ಈಗಲೇ ವಕೀಲರ ಹತ್ತಿರ ಪೂರ್ತಿ ಹೇಳಲಿ ಅಂತ. ಅರ್ಜಿಯ ಕೊನೆಗೂ ಒಬ್ಬ ಸಾಕ್ಷಿಯ ದೃಢೀಕರಣ ಬೇಕಾಗುತ್ತದೆ. ಅವರಿಗೆ ವಯಸ್ಸಾಗಿದ್ದರೆ ಕಾಯಬೇಡಿ.

ಮರುಪ್ರಶ್ನೆ: ಮಾವ ವಿಲ್ ಮಾಡುವಾಗ ನಾನೇ ಅವರನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿದ್ದೆ. ಅದರಿಂದ ತೊಂದರೆ ಆಗುತ್ತಾ ಮೇಡಂ?

ವಕೀಲರ ಉತ್ತರ: ಪಾಟಿ ಸವಾಲಿನಲ್ಲಿ ಕೇಳೇ ಕೇಳುತ್ತಾರೆ. ಮುಚ್ಚಿಡಬೇಡಿ. ಮೈಸೂರು ಸೀಮೆಯ ಒಂದು ವಿಲ್ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು, ಎಚ್. ವೆಂಕಟಾಚಲ ಅಯ್ಯಂಗಾರ್ ಕೇಸು. 1958ರ ಕೊನೆಗೆ ತೀರ್ಪು ಬಂತು, 1959ರ ತೀರ್ಪು ವರದಿಗಳಲ್ಲಿ ಸಿಗುತ್ತದೆ. ಅಲ್ಲಿ ಎಕ್ಸಿಕ್ಯೂಟರೇ ವಿಲ್ ಮಾಡಿಸುವುದರಲ್ಲಿ ಮುಂದೆ ನಿಂತಿದ್ದರು, ಲಾಭವೂ ಅವರ ಮನೆಗೇ ಹೋಗುತ್ತಿತ್ತು. ಅನುಮಾನ ಹುಟ್ಟಿದರೆ ಅದನ್ನು ಕಳೆಯುವ ಹೊರೆ ವಿಲ್ ಮುಂದಿಟ್ಟವರ ಮೇಲೆ ಅಂತ ಕೋರ್ಟ್ ಹೇಳಿತು. ಅವರು ಸೋತರು. ನಿಮಗೆ ಏನೂ ಬರುತ್ತಿಲ್ಲ, ಅದು ದೊಡ್ಡ ವ್ಯತ್ಯಾಸ. ಆಗ ಮಾವನ ಬುದ್ಧಿ ಸ್ಥಿಮಿತದಲ್ಲಿತ್ತು ಅಂತ ತೋರಿಸುವ ಕಾಗದ ಇದ್ದರೆ ತೆಗೆದಿಡಿ, ಚಿಕಿತ್ಸೆ ಕೊಟ್ಟ ಡಾಕ್ಟರ ಚೀಟಿಯಾದರೂ ಸರಿ.

ಉಳಿದದ್ದು ಬೇಗ ಹೇಳುತ್ತೇನೆ. ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ. ಅಸಲು ವಿಲ್, ಮರಣ ಪ್ರಮಾಣಪತ್ರ, ಆಸ್ತಿಯ ಪಟ್ಟಿ ಮತ್ತು ಬೆಲೆ ಬೇಕು. ಕೋರ್ಟ್ ಫೀ ಆಸ್ತಿಯ ಬೆಲೆಯ ಮೇಲೆ. ಮಗನಿಗೆ ನೋಟಿಸ್ ಹೋಗುತ್ತದೆ. ಅವನು ಎದುರು ನಿಂತರೆ ಅರ್ಜಿಯೇ ದಾವೆಯ ಹಾಗೆ ನಡೆಯುತ್ತದೆ, ವರ್ಷಗಳು ಹಿಡಿಯಬಹುದು. ಮೂರು ವರ್ಷದ ಕಾಲಮಿತಿಯ ಪ್ರಶ್ನೆ ಏಳುತ್ತದೆ, ಹಾಗಾಗಿ ಜಾಸ್ತಿ ದಿನ ಕೂರಬೇಡಿ.

ಇನ್ನೊಬ್ಬರ ಪ್ರಶ್ನೆ: ಆ ಮನೆ ಪಿತ್ರಾರ್ಜಿತ ಅಂತ ಮಗ ವಾದ ಮಾಡಿದರೆ?

ವಕೀಲರ ಉತ್ತರ: ಪ್ರೊಬೇಟ್ ಕೋರ್ಟ್ ಆಸ್ತಿ ಯಾರದ್ದು ಅಂತ ನೋಡುವುದಿಲ್ಲ. ವಿಲ್ ನಿಜವಾ, ಸರಿಯಾಗಿ ಆಗಿದೆಯಾ, ಅಷ್ಟೇ. ಹಕ್ಕಿನ ಜಗಳಕ್ಕೆ ಅವನು ಬೇರೆ ದಾವೆ ಹಾಕಬೇಕು.

ಮರುಪ್ರಶ್ನೆ: ಇಷ್ಟೆಲ್ಲ ನನ್ನಿಂದ ಆಗಲ್ಲ ಅನಿಸಿದರೆ ಮೇಡಂ?

ವಕೀಲರ ಉತ್ತರ: ಬೇಡ ಅನ್ನಬಹುದು. ಲಿಖಿತವಾಗಿ ಕೋರ್ಟಿಗೆ ತಿಳಿಸಿದರೆ ಸಾಕು, ಆಮೇಲೆ ಅತ್ತೆಯೇ ವಿಲ್ ಲಗತ್ತಿಸಿ ಆಡಳಿತ ಪತ್ರ (ವಿಲ್ ಪ್ರಕಾರ ಆಸ್ತಿ ನೋಡಿಕೊಳ್ಳಲು ಕೋರ್ಟ್ ಕೊಡುವ ಅಧಿಕಾರ) ಕೇಳಬಹುದು. ಆದರೆ ಯೋಚಿಸಿ ಹೇಳಿ, ಒಮ್ಮೆ ಬಿಟ್ಟುಕೊಟ್ಟರೆ ಮತ್ತೆ ಎಕ್ಸಿಕ್ಯೂಟರ್ ಅಂತ ಪ್ರೊಬೇಟ್ ಕೇಳಲು ಆಗುವುದಿಲ್ಲ. ಒಪ್ಪಿಕೊಂಡರೆ ಪ್ರೊಬೇಟ್ ಸಿಕ್ಕ ಆರು ತಿಂಗಳಲ್ಲಿ ಆಸ್ತಿ ಪಟ್ಟಿ, ಒಂದು ವರ್ಷದಲ್ಲಿ ಲೆಕ್ಕ, ಎರಡನ್ನೂ ಕೋರ್ಟಿಗೆ ಕೊಡಬೇಕು.