ಅಪ್‌ಡೇಟ್: ಅಡಿಕೆ ಶೆಡ್ಡಿಗೆ ಕೊನೆಗೆ ಆರಿಸಿದ ಥ್ರೆಡ್ ರಾಡ್

ತೀರ್ಥಹಳ್ಳಿ ಸಮೀಪದ ನಮ್ಮ ಅಡಿಕೆ ಒಣಗಿಸುವ ಶೆಡ್ಡಿನ ಕಬ್ಬಿಣದ ಕಂಬಗಳನ್ನು ಹಳೆಯ ಕಾಂಕ್ರೀಟ್ ಪಾಯಕ್ಕೆ ಬಿಗಿಯಲು ಯಾವ ಥ್ರೆಡ್ ರಾಡ್ (ಉದ್ದಕ್ಕೂ ತಿರುಪು ಕೊರೆದ ಉಕ್ಕಿನ ಸರಳು) ಸೂಕ್ತವೆಂದು ಮಳೆಗಾಲಕ್ಕೆ ಮುನ್ನ ಇಲ್ಲಿ ಕೇಳಿದ್ದೆ. ಈಗ ಕೆಲಸ ಮುಗಿದಿದೆ. ಹೆಚ್ಚಿನವರು ಹೆಚ್ಚು ಬಲದ 8.8 ದರ್ಜೆಯ ಉಕ್ಕನ್ನು ಸೂಚಿಸಿದ್ದಿರಿ. ಅದರ ಯೀಲ್ಡ್ ಬಲ (ಉಕ್ಕು ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗತೊಡಗುವ ಮಿತಿ) 640 ಮೆಗಾಪಾಸ್ಕಲ್, 4.6 ದರ್ಜೆಯದು 240. ಆದರೆ ಗಾಳಿ ಮೇಲಕ್ಕೆಳೆಯುವ ಬಲವನ್ನೂ ಸೇರಿಸಿ ಲೆಕ್ಕ ಹಾಕಿದ ಎಂಜಿನಿಯರರು, 16 ಮಿ.ಮೀ. ದಪ್ಪದ 4.6 ದರ್ಜೆಯೇ ನಮ್ಮ ಶೆಡ್ಡಿಗೆ ಸಾಕು, ತೇವದ ಬಗ್ಗೆ ಹೆಚ್ಚು ಯೋಚಿಸಿ ಎಂದರು.

ಹಳೆಯ ರಾಡನ್ನು ಬಿಚ್ಚಿದಾಗ ಆ ಮಾತು ಮನದಟ್ಟಾಯಿತು. ಕಂಬದ ಬುಡದ ಬೇಸ್ ಪ್ಲೇಟಿನ ಕೆಳಗೆ ನೀರು ನಿಂತ ಕಡೆ ಥ್ರೆಡ್ಡುಗಳು ತುಕ್ಕಿನ ಪುಡಿಯಾಗಿ ಉದುರಿ, ನಟ್ ಸ್ಪ್ಯಾನರ್ ಇಲ್ಲದೆಯೇ ಕೈಗೆ ಕಳಚಿ ಬಂತು. ತುಕ್ಕು ತಡೆಯಲು ವಿದ್ಯುತ್ ಬಳಸಿ ಲೇಪಿಸುವ ಸತು ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಮಾತ್ರ ಇರುವುದರಿಂದ, 40 ಮೈಕ್ರಾನ್‌ಗಿಂತ ಹೆಚ್ಚು ಲೇಪವಿರುವ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ (ಕರಗಿದ ಸತುವಿನಲ್ಲಿ ಅದ್ದಿ ತೆಗೆದ) ರಾಡನ್ನೇ ತಂದೆವು. ಇಂಥ ರಾಡಿಗೆ ಮಾಮೂಲಿ ನಟ್ ಹತ್ತುವುದಿಲ್ಲ. ಲೇಪದ ದಪ್ಪಕ್ಕೆ ತಕ್ಕಂತೆ ಥ್ರೆಡ್ ಹಿಗ್ಗಿಸಿದ ನಟ್‌ಗಳನ್ನು ಜೊತೆಯಲ್ಲೇ ಕೇಳಿ ಪಡೆಯಬೇಕು. ಕತ್ತರಿಸಿದ ತುದಿಗಳಿಗೆ ಸತುವಿನ ಬಣ್ಣ ಬಳಿದೆವು. ಕೆಮಿಕಲ್ ಆಂಕರ್ (ರಾಡನ್ನು ಕಾಂಕ್ರೀಟಿಗೆ ಹಿಡಿದಿಡುವ ಅಂಟು) ತುಂಬುವ ಮುನ್ನ ಪ್ರತಿ ರಂಧ್ರದ ಧೂಳನ್ನು ಬ್ರಷ್‌ನಿಂದ ಉಜ್ಜಿ, ಊದಿ ತೆಗೆಯುವಂತೆ ಒತ್ತಿ ಹೇಳಿದವರಿಗೆ ನಾನು ವಿಶೇಷವಾಗಿ ಋಣಿ.