ಬಾಂಡ್ ಬರೆದುಕೊಟ್ಟ ಹುಡುಗ ಮಧ್ಯದಲ್ಲೇ ಕೆಲಸ ಬಿಟ್ಟರೆ ಏನು ಮಾಡೋದು?

ಪ್ರಶ್ನೆ: ಮೇಡಂ, ನಮ್ಮದು ಚಿಕ್ಕ ಮಷಿನ್ ಶಾಪ್. ಡಿಪ್ಲೊಮಾ ಮುಗಿಸಿ ಬಂದ ಹುಡುಗನೊಬ್ಬನನ್ನು ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಮಷಿನ್) ಪ್ರೋಗ್ರಾಮಿಂಗ್ ಕೋರ್ಸ್‌ಗೆ ಕಳಿಸಿದ್ದೆವು. ಫೀಸ್ ಪೂರ್ತಿ ನಮ್ಮದೇ. ಕೋರ್ಸ್ ಮುಗಿದ ಮೇಲೆ ಎರಡು ವರ್ಷ ಇರಬೇಕು, ಬಿಟ್ಟರೆ 3 ಲಕ್ಷ ಕಟ್ಟಬೇಕು ಅಂತ ಬಾಂಡ್ ಬರೆಸಿಕೊಂಡಿದ್ದೆವು. ಒಂಬತ್ತು ತಿಂಗಳಿಗೇ ರಾಜೀನಾಮೆ ಕೊಟ್ಟು ನಮ್ಮಂಥದ್ದೇ ಇನ್ನೊಂದು ಕಂಪನಿಗೆ ಸೇರಿದ್ದಾನೆ. ಬಿಟ್ಟ ಮೇಲೆ ಒಂದು ವರ್ಷ ಇದೇ ಲೈನಿನಲ್ಲಿ ಬೇರೆ ಕಡೆ ಸೇರಬಾರದು ಅಂತಲೂ ಬಾಂಡಿನಲ್ಲಿದೆ. ಅವನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಬೀರುವಿನಲ್ಲಿದೆ. ಕೊನೆ ತಿಂಗಳ ಸಂಬಳವನ್ನೂ ತಡೆಹಿಡಿದಿದ್ದೇವೆ. ಕೋರ್ಟಿಗೆ ಹೋದರೆ ಗೆಲ್ಲಬಹುದಾ?

ವಕೀಲರ ಉತ್ತರ: ಸರ್, ಮೊದಲು ಆ ಮಾರ್ಕ್ಸ್ ಕಾರ್ಡ್ ವಾಪಸ್ ಕೊಡಿ. ಅದನ್ನು ಅಡವಿಟ್ಟುಕೊಳ್ಳುವ ಹಕ್ಕು ನಿಮಗಿಲ್ಲ. ಅವನು ನಾಳೆ ದೂರು ಕೊಟ್ಟರೆ ನಿಮ್ಮ ದುಡ್ಡಿನ ಮಾತು ಮೂಲೆಗೆ ಬೀಳುತ್ತದೆ, ಉತ್ತರ ಕೊಡುತ್ತಾ ಓಡಾಡುವವರು ನೀವೇ ಆಗುತ್ತೀರಿ. ಕೊಡುವಾಗ ಏನೇನು ಕೊಟ್ಟಿರಿ ಅಂತ ಬರೆದು ಸಹಿ ಹಾಕಿಸಿಕೊಳ್ಳಿ.

ಸಂಬಳವೂ ಅಷ್ಟೇ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಟ್ಟುಬಿಡಬೇಕು. ಸಂಬಳದಲ್ಲಿ ಏನೇನು ಹಿಡಿಯಬಹುದು ಅನ್ನುವ ಪಟ್ಟಿ ಅದರಲ್ಲೇ ಇದೆ, ಬಾಂಡ್ ಹಣ ಆ ಪಟ್ಟಿಯಲ್ಲಿಲ್ಲ. ಬಾಂಡ್ ಬೇರೆ ಲೆಕ್ಕ, ಸಂಬಳ ಬೇರೆ ಲೆಕ್ಕ. ಎರಡನ್ನೂ ಕಲಸಿಕೊಂಡೇ ಎಷ್ಟೋ ಜನ ಮಾಲೀಕರು ಕೈಲಿದ್ದ ಕೇಸ್ ಕೆಡಿಸಿಕೊಳ್ಳುತ್ತಾರೆ.

ಬೇರೆ ಕಡೆ ಸೇರಬಾರದು ಅನ್ನುವ ಷರತ್ತನ್ನು ಮರೆತುಬಿಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅದು ಅಸಿಂಧು. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಮ್ಯಾನೇಜ್‌ಮೆಂಟ್ ಕಂಪನಿಯ ನಡುವಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಒಪ್ಪಂದ ಮುಗಿದ ಮೇಲೆ ಕಟ್ಟಿಹಾಕುವ ಷರತ್ತು ನಡೆಯಲ್ಲ.

ಆದರೆ ಬಾಂಡ್ ಅಂದ ತಕ್ಷಣ ಎಲ್ಲವೂ ಬಿದ್ದುಹೋಗಲ್ಲ. ವಿಜಯ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ಇರಬೇಕು, ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೆಲಸದಲ್ಲಿ ಇರುವ ಅವಧಿಗೆ ಹಾಕಿದ ಷರತ್ತು ಅದು, ಬಿಟ್ಟ ಮೇಲಿನದ್ದಲ್ಲ ಅಂತ. ಆ ತೀರ್ಪು ಹಿಡಿದುಕೊಂಡು ಈಗ ಎಲ್ಲರೂ ಕುಣಿಯುತ್ತಿದ್ದಾರೆ. ಅದು ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿ, ಜಾಹೀರಾತು, ಪರೀಕ್ಷೆ ಎಲ್ಲಾ ಇದ್ದ ವಿಷಯ. ಚಿಕ್ಕ ಕಂಪನಿಗಳು ಅದನ್ನು ಯಥಾವತ್ ತಂದು ಹಚ್ಚಿಕೊಳ್ಳೋದು ಕಷ್ಟ.

ಅಂದಹಾಗೆ, ಆ 3 ಲಕ್ಷ ಅನ್ನುವ ಸಂಖ್ಯೆ ಹೇಗೆ ಬಂತು?

ಪ್ರಶ್ನೆ ಕೇಳಿದವರು: ಕೋರ್ಸ್ ಫೀಸ್ 72,000. ಬಿಲ್ ಇದೆ. 3 ಲಕ್ಷ ಅಂತ ಸುಮ್ನೆ ಹಾಕಿದ್ದು ಮೇಡಂ, ಸ್ವಲ್ಪ ಹೆದರಿಕೆ ಇರಲಿ ಅಂತ.

ವಕೀಲರ ಉತ್ತರ: ಕೋರ್ಟಿನಲ್ಲಿ ಈ ಮಾತು ಮಾತ್ರ ಹೇಳಬೇಡಿ! ಅದೇ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಒಪ್ಪಂದದಲ್ಲಿ ಬರೆದ ಮೊತ್ತ ಬರೀ ಗರಿಷ್ಠ ಮಿತಿ. ಸಿಗುವುದು ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ. ಹೆದರಿಸಲು ಹಾಕಿದ ಸಂಖ್ಯೆಯನ್ನು ನ್ಯಾಯಾಧೀಶರು ಒಂದೇ ನೋಟಕ್ಕೆ ಗುರುತಿಸುತ್ತಾರೆ.

ನಾನಾಗಿದ್ದರೆ ಹೀಗೆ ಲೆಕ್ಕ ಹಾಕುತ್ತಿದ್ದೆ. ಖರ್ಚು 72,000. ಇರಬೇಕಾದ್ದು 24 ತಿಂಗಳು, ಇದ್ದದ್ದು 9. ಉಳಿದ 15 ತಿಂಗಳಿಗೆ 45,000. ಕೋರ್ಸ್‌ಗೆ ಕಳಿಸಿದಾಗ ಓಡಾಟ, ವಸತಿಗೆ ಖರ್ಚು ಮಾಡಿದ್ದಕ್ಕೆ ರಸೀದಿ ಇದ್ದರೆ ಅದನ್ನೂ ಇದೇ ಪ್ರಮಾಣದಲ್ಲಿ ಸೇರಿಸಿ. ಕೆಲಸ ಮಾಡುತ್ತಾ ನಿಮ್ಮ ಸೀನಿಯರ್ ಹೇಳಿಕೊಟ್ಟದ್ದನ್ನು ತರಬೇತಿ ಖರ್ಚು ಅಂತ ತೋರಿಸಲು ಹೋಗಬೇಡಿ. ಅದು ಮಾಮೂಲಿ ಕೆಲಸವೇ. 45,000 ಕೇಳಿದರೆ ಮಾತುಕತೆಯಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ. 3 ಲಕ್ಷ ಕೇಳಿದರೆ ಅವನು ಫೋನೇ ಎತ್ತಲ್ಲ.

ಇನ್ನೊಬ್ಬ ಸದಸ್ಯರು (ಎಚ್‌ಆರ್): ಸರ್, ಕಾನೂನು ಮೇಡಂ ಹೇಳಿದ್ದಾರೆ. ನನ್ನದೊಂದು ಪ್ರಶ್ನೆ. ಕೋರ್ಸ್ ಮುಗಿಸಿ ಬಂದ ಮೇಲೆ ಅವನಿಗೆ ಪ್ರೋಗ್ರಾಮಿಂಗ್ ಕೆಲಸ ಕೊಟ್ಟಿರಾ? ಸಂಬಳ ಏನಾದರೂ ಹೆಚ್ಚಿಸಿದಿರಾ?

ಪ್ರಶ್ನೆ ಕೇಳಿದವರು: ಆರ್ಡರ್ ಅರ್ಜೆಂಟ್ ಇತ್ತು, ಅದಕ್ಕೆ ಆಪರೇಟರ್ ಆಗಿಯೇ ಹಾಕಿದ್ದೆವು. ಸಂಬಳ ಏಪ್ರಿಲ್‌ನಲ್ಲಿ ನೋಡೋಣ ಅಂದಿದ್ದೆ.

ಎಚ್‌ಆರ್ ಸದಸ್ಯರು: ಅಲ್ಲೇ ಇದೆ ಗಂಟು. ಕಲಿತ ಕೆಲಸ ಕೈಗೆ ಸಿಗದಿದ್ದರೆ ಹುಡುಗರು ಅದು ಸಿಗುವ ಕಡೆ ಹೋಗುತ್ತಾರೆ. ಮುಂದಿನವರಿಗೆ ಬಾಂಡ್ ಬದಲು ಒಂದು ಕೆಲಸ ಮಾಡಿ. ಕೋರ್ಸ್‌ಗೆ ಕಳಿಸುವ ಮೊದಲೇ, ಮುಗಿಸಿ ಬಂದರೆ ಯಾವ ಹುದ್ದೆ, ಎಷ್ಟು ಸಂಬಳ ಅಂತ ಆಫರ್ ಲೆಟರ್‌ನಲ್ಲೇ ಬರೆದುಕೊಡಿ. ಒಂದು ವರ್ಷಕ್ಕೆ ಇಷ್ಟು, ಎರಡು ವರ್ಷಕ್ಕೆ ಇಷ್ಟು ಅಂತ ಬೋನಸ್ ಇಡಿ. ಮಧ್ಯದಲ್ಲಿ ಬಿಟ್ಟರೆ ಅದು ಸಿಗಲ್ಲ, ಅಷ್ಟೇ. ಯಾರ ಹಿಂದೆಯೂ ವಸೂಲಿಗೆ ಓಡುವ ತಾಪತ್ರಯ ಇಲ್ಲ.

ವಕೀಲರ ಉತ್ತರ: ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಒಂದೇ ಎಚ್ಚರಿಕೆ: ಈಗಾಗಲೇ ಒಪ್ಪಿಕೊಂಡಿರುವ ಸಂಬಳವನ್ನೇ ತುಂಡು ಮಾಡಿ ಬೋನಸ್ ಅಂತ ಹೆಸರಿಡಬೇಡಿ. ಮೇಲಿನಿಂದ ಕೊಡುವ ದುಡ್ಡಾಗಿರಬೇಕು.

ಪ್ರಶ್ನೆ ಕೇಳಿದವರು: ನಮ್ಮ ಪ್ರೋಗ್ರಾಂ ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದಾನೆ ಅಂತ ಅನುಮಾನ. ಅದಕ್ಕೂ 27ನೇ ಕಲಂ ಅಡ್ಡ ಬರುತ್ತಾ?

ವಕೀಲರ ಉತ್ತರ: ಇಲ್ಲ, ಅದು ಬೇರೆ ವಿಷಯ. ಕಲಿತ ಕೈಚಳಕ ಅವನದ್ದು, ಗ್ರಾಹಕರ ಡ್ರಾಯಿಂಗ್ ಮತ್ತು ಫೈಲ್ ನಿಮ್ಮದು. ಗೌಪ್ಯತೆಯ ಷರತ್ತು ಕೆಲಸ ಬಿಟ್ಟ ಮೇಲೂ ನಡೆಯುತ್ತದೆ. ಆದರೆ ಅನುಮಾನ ಸಾಲದು. ಅವನು ಬಳಸುತ್ತಿದ್ದ ಕಂಪ್ಯೂಟರನ್ನು ಬೇರೆಯವರಿಗೆ ಕೊಡದೆ ಹಾಗೇ ಎತ್ತಿಡಿ, ತಿಳಿದವರಿಂದ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಅವನ ಹೊಸ ಕಂಪನಿಗೆ ಫೋನ್ ಮಾಡಿ ಕಳ್ಳ ಅನ್ನಬೇಡಿ, ಮಾನನಷ್ಟದ ಕೇಸ್ ಮೈಮೇಲೆ ಬರುತ್ತದೆ.

ಪ್ರಶ್ನೆ ಕೇಳಿದವರು: ಸರಿ ಮೇಡಂ. 45,000ಕ್ಕೆ ಲಾಯರ್ ನೋಟಿಸೇ ಕಳಿಸಬೇಕಾ?

ವಕೀಲರ ಉತ್ತರ: ಬೇಕಿಲ್ಲ. ಮೊದಲು ಸಂಬಳ, ಮಾರ್ಕ್ಸ್ ಕಾರ್ಡ್ ಕೊಟ್ಟು ಮುಗಿಸಿ. ಆಮೇಲೆ ನಿಮ್ಮ ಲೆಟರ್‌ಹೆಡ್‌ನಲ್ಲೇ ಲೆಕ್ಕ ಬರೆದು, ಕೋರ್ಸ್ ಬಿಲ್ ಲಗತ್ತಿಸಿ, ಸ್ಪೀಡ್ ಪೋಸ್ಟ್ ಮಾಡಿ. ಕಂತಿನಲ್ಲಿ ಕೊಡುತ್ತೇನೆ ಅಂದರೆ ಒಪ್ಪಿಕೊಂಡು ಬರೆಸಿಕೊಳ್ಳಿ. ದಾವೆ ಹೂಡಲು ಒಪ್ಪಂದ ಮುರಿದ ದಿನದಿಂದ 3 ವರ್ಷ ಕಾಲಾವಕಾಶ ಇದೆ, ಹಾಗಾಗಿ ಅವಸರ ಬೇಡ.