ಪದಚರ್ಚೆ: ಬಾವಲಿಗಳ ‘ಡೈವರ್ಸಿಟಿ’ಗೆ ಬೋರ್ಡಿನಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ, ಅಷ್ಟರಲ್ಲಿ ಒಂದು ಪದ ಬೇಕು. ಕೋಲಾರ ಜಿಲ್ಲೆಯ ಶಾಲೆಯೊಂದಕ್ಕೆ ಗವಿಯ ಬಾವಲಿಗಳ ಬಗ್ಗೆ ಬೋರ್ಡು. ‘ಗುಹಾವಾಸಿ ಬಾವಲಿಗಳ ಜೀವವೈವಿಧ್ಯದಲ್ಲಿ ದೀರ್ಘಕಾಲಿಕ ಬದಲಾವಣೆ’ ಅಂತ ಬರೆದು ಆರನೇ ಕ್ಲಾಸಿನ ಹುಡುಗಿಗೆ ಓದಲು ಕೊಟ್ಟೆ. ‘ಬಾವಲಿ ಕಮ್ಮಿ ಆಗಿದಾವಾ ಮಿಸ್?’ ಅಂದಳು. ನಾನು ಹೇಳಬೇಕಿದ್ದು ಅದಲ್ಲ. ತಲೆ ಎಣಿಕೆ ಬೇರೆ, ಎಷ್ಟು ಬಗೆ ಇವೆ ಅನ್ನುವುದು ಬೇರೆ. ‘ತಳಿ’ ಅನ್ನೋಣ ಅಂದರೆ ಅದು ಹಸು, ಭತ್ತದ ಮಾತು.

ಮರು:
ವೈವಿಧ್ಯ ಬೇಡ. ‘ಹಲಬಗೆತನ’ ಅನ್ನಿ. ‘ಗುಹಾವಾಸಿ’ಯನ್ನೂ ಅಳಿಸಿ. ಗವಿ ನಮ್ಮ ಪದ, ತೆಲುಗಿನಲ್ಲೂ ಗವಿಯೇ. ಬಾವಲಿಯೂ ನಮ್ಮದೇ. ತಮಿಳಿನ ವಾಯ್ ನಮ್ಮಲ್ಲಿ ಬಾಯಿ, ವಾಳೈ ಬಾಳೆ, ಹಾಗೇ ವಾವಲ್ ಬಾವಲಿ. ಪ್ರಾಣಿಗೂ ಅದರ ಮನೆಗೂ ಕನ್ನಡದ್ದೇ ಹೆಸರಿರುವಾಗ ನಡುವೆ ಸಂಸ್ಕೃತ ಯಾಕೆ?

ಮರು:
‘ಹಲಬಗೆತನ’ ಯಾರ ಬಾಯಲ್ಲಿ ಕೇಳಿದ್ದೀರಿ ಸರ್? ಎರವಲನ್ನೆಲ್ಲ ಓಡಿಸಿದರೆ ಶಾಲೆಯೂ ಹೋಗಬೇಕು, ಬೋರ್ಡೂ ಹೋಗಬೇಕು. ಅಮರಕೋಶದಲ್ಲಿ ಬಾವಲಿಗೆ ‘ಅಜಿನಪತ್ರಾ’ ಅಂತಿದೆ, ತೊಗಲಿನ ರೆಕ್ಕೆಯದು. ನಮ್ಮವರು ತೊಗಲುಬಾವಲಿ ಅಂದರು. ಇಬ್ಬರೂ ನೋಡಿದ್ದು ಅದೇ ರೆಕ್ಕೆ, ಜಗಳ ಯಾಕೆ? ಮೇಡಂ, ವೈವಿಧ್ಯ ಇರಲಿ, ‘ಜೀವ’ ತೆಗೆಯಿರಿ. ಇನ್ನೊಂದು ಮಾತು: ಬಗೆಗಳನ್ನು ಎಣಿಸಿದರೆ ಸಾಲದು. ಐದು ಬಗೆ ಇದ್ದು, ನೂರರಲ್ಲಿ ತೊಂಬತ್ತಾರು ಒಂದೇ ಬಗೆಯವಾದರೆ ಅದನ್ನು ಒಳ್ಳೆಯ ವೈವಿಧ್ಯ ಅನ್ನುವುದಿಲ್ಲ.

ಮರು:
ವೈವಿಧ್ಯ ಅನ್ನುವುದು ಮೇಷ್ಟ್ರ ಪದ. ಅಷ್ಟೇ.

ಮರು:
ಇಬ್ಬರಿಗೂ ವಂದನೆ. ಗವಿ ಉಳಿಸಿಕೊಂಡೆ. ಆ ಕಡೆ ಯಾರೂ ಗುಹೆ ಅನ್ನುವುದಿಲ್ಲ.

ನನಗೆ ಈ ಪದ ಯಾಕೆ ಇಷ್ಟು ಮುಖ್ಯ ಅಂದರೆ, ಕೋಲಾರದ ಎಲೆಮೂಗಿನ ಬಾವಲಿಗೆ ವಿಜ್ಞಾನದಲ್ಲಿ ಹೆಸರು ಬಿದ್ದದ್ದೇ 1994ರಲ್ಲಿ. ಮೂಗಿನ ಮೇಲೆ ಎಲೆ ಮಡಚಿ ಅಂಟಿಸಿದಂತೆ ಚರ್ಮದ ಪದರ ಇರುತ್ತದೆ. ತೇರಹಳ್ಳಿಯಲ್ಲೂ ಇತ್ತು, ಅಲ್ಲಿಂದ ಹೋಯಿತು. ಈಗ ಲೋಕದಲ್ಲೆಲ್ಲ ಹನುಮನಹಳ್ಳಿಯ ಒಂದೇ ಗವಿಯಲ್ಲಿ ಉಳಿದಿದೆ, ಅದೂ 200ಕ್ಕಿಂತ ಕಮ್ಮಿ. ಸುತ್ತ ಗ್ರಾನೈಟ್‌ಗೆ ಬಂಡೆ ಒಡೆದಿದ್ದಾರೆ. ಅದೇ ಗವಿಯಲ್ಲಿ ಬೇರೆ ಎಲೆಮೂಗಿನ ಬಾವಲಿಗಳೂ ಜೋತು ಬಿದ್ದಿರುತ್ತವೆ. ನಾಳೆ ಈ ಒಂದು ಬಗೆ ಇಲ್ಲವಾದರೂ ಟಾರ್ಚ್ ಬಿಟ್ಟು ನೋಡಿದವರಿಗೆ ಸೂರು ತುಂಬಿದ ಹಾಗೇ ಕಾಣುತ್ತದೆ. ‘ಬಾವಲಿ ಜಾಸ್ತಿನೇ ಇವೆಯಲ್ಲ’ ಅಂದು ಹೊರಗೆ ಬರುತ್ತಾರೆ. ‘ಕಮ್ಮಿ ಆಗಿವೆ’ ಅಂತ ಬರೆದರೆ ಇದು ತಿಳಿಯುವುದಿಲ್ಲ, ಅಲ್ವಾ?

ಒಂದೇ ಪದ ಹುಡುಕುವುದನ್ನು ಬಿಟ್ಟೆ. ಬೋರ್ಡಿಗೆ ಹೀಗೆ ಬರೆದಿದ್ದೇನೆ: ‘ನಮ್ಮ ಗವಿಗಳಲ್ಲಿ ಹಿಂದೆ ಯಾವ ಯಾವ ಬಗೆಯ ಬಾವಲಿಗಳಿದ್ದವು? ಈಗ ಯಾವ ಬಗೆ ಎಷ್ಟು ಉಳಿದಿವೆ?’ ಕೆಳಗೆ ಸಣ್ಣಕ್ಷರದಲ್ಲಿ ‘ಬಾವಲಿ ವೈವಿಧ್ಯ’.

ಅದೇ ಹುಡುಗಿಗೆ ಮತ್ತೆ ಓದಿಸಿದೆ. ‘ಯಾವುದು ಹೋಯ್ತು ಮಿಸ್?’ ಅಂತ ಕೇಳಿದಳು.